ಬಂದವರಿಗೆಲ್ಲ ಜಾಗ: ಒಂದು ಬ್ಯಾಲೆ ಶಾಲೆಯ ಮೊದಲ ವರ್ಷದ ಪ್ರದರ್ಶನ

1934ರ ಮಾರ್ಚ್ 14, ಬುಧವಾರ ಸಂಜೆ. ನ್ಯೂಯಾರ್ಕ್‌ನ ಮ್ಯಾಡಿಸನ್ ಅವೆನ್ಯೂದಲ್ಲಿ ಒಂದು ಬ್ಯಾಲೆ ಕ್ಲಾಸು. ಶಾಲೆ ಶುರುವಾಗಿ ಎರಡೂವರೆ ತಿಂಗಳೂ ತುಂಬಿರಲಿಲ್ಲ. ಆ ದಿನ ಬಂದವರು 17 ಹುಡುಗಿಯರು. ಹುಡುಗರು ಒಬ್ಬರೂ ಇಲ್ಲ. ಕೆಲವರಿಗೆ ಒಳ್ಳೆಯ ತರಬೇತಿ ಆಗಿತ್ತು, ಕೆಲವರು ಇನ್ನೂ ಕಲಿಯುವ ಹಂತದಲ್ಲೇ ಇದ್ದರು. ಮೇಷ್ಟ್ರಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಇಷ್ಟನ್ನು ಇಟ್ಟುಕೊಂಡು ಅವರು ಆ ಸಂಜೆಯೇ ಒಂದು ಹೊಸ ನೃತ್ಯ ಕಟ್ಟಲು ಶುರು ಮಾಡಿದರು. ಸರಿಯಾಗಿ 88 ದಿನಗಳ ನಂತರ, ಜೂನ್ 10ರಂದು, ಅದೇ ವಿದ್ಯಾರ್ಥಿಗಳು ಒಂದು ತೋಟದ ಮನೆಯ ಹುಲ್ಲುಹಾಸಿನಲ್ಲಿ ಅದನ್ನು ಕುಣಿದರು.

ಮೇಷ್ಟ್ರು ಜಾರ್ಜ್ ಬ್ಯಾಲಂಚೀನ್. ನೃತ್ಯದ ಹೆಸರು ‘ಸೆರೆನೇಡ್’. ಇವತ್ತಿಗೂ ಜಗತ್ತಿನ ದೊಡ್ಡ ದೊಡ್ಡ ಬ್ಯಾಲೆ ಕಂಪನಿಗಳು ಅದನ್ನು ಆಡುತ್ತವೆ. ಆದರೆ ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಆ ಕೀರ್ತಿಯಲ್ಲ. ಮಕ್ಕಳ ನೃತ್ಯ ಪ್ರದರ್ಶನ ಮಾಡಿಸುವ ಪ್ರತಿಯೊಬ್ಬರಿಗೂ ಬರುವ ತೊಂದರೆಗಳೇ ಈ ಮೇಷ್ಟ್ರಿಗೂ ಬಂದವು. ದಿನಕ್ಕೊಂದು ಹಾಜರಿ, ಏರುಪೇರಾದ ಮಟ್ಟ, ತಡವಾಗಿ ಬರುವವರು, ಬೀಳುವವರು, ಕೊನೆಗೆ ಮಳೆ. ಅವರು ಅವನ್ನೆಲ್ಲ ಮುಚ್ಚಿಡಲಿಲ್ಲ, ನೃತ್ಯದ ಒಳಗೇ ತಂದರು. ಅದು ಹೇಗೆ ಅನ್ನುವುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಶಾಲೆ ಹುಟ್ಟಿದ್ದು

ಬ್ಯಾಲಂಚೀನ್ ಹುಟ್ಟಿದ್ದು 1904ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಒಂಬತ್ತನೇ ವಯಸ್ಸಿಗೆ ಅಲ್ಲಿನ ಇಂಪೀರಿಯಲ್ ಥಿಯೇಟರ್ ಶಾಲೆಗೆ ಸೇರಿದರು. ಆ ಶಾಲೆಯ ಮಕ್ಕಳು ಬರೀ ಕ್ಲಾಸಿನಲ್ಲಿ ಕಲಿಯುತ್ತಿರಲಿಲ್ಲ. ಮರಿಯಿನ್ಸ್ಕಿ ಥಿಯೇಟರಿನ ದೊಡ್ಡ ಬ್ಯಾಲೆಗಳಲ್ಲಿ ಅವರಿಗೂ ಸಣ್ಣ ಸಣ್ಣ ಪಾತ್ರ ಇರುತ್ತಿತ್ತು. ಬ್ಯಾಲಂಚೀನ್ ಕೂಡ ಪುಟ್ಟ ಹುಡುಗನಾಗಿದ್ದಾಗ ‘ಸ್ಲೀಪಿಂಗ್ ಬ್ಯೂಟಿ’ಯಲ್ಲಿ ಮನ್ಮಥನಾಗಿ ವೇದಿಕೆ ಹತ್ತಿದ್ದರು. ವೇದಿಕೆ ಹತ್ತಿಯೇ ವೇದಿಕೆ ಕಲಿಯಬೇಕು ಅನ್ನುವುದು ಅವರಿಗೆ ಪುಸ್ತಕದಿಂದ ಬಂದ ಮಾತಲ್ಲ.

1924ರಲ್ಲಿ ರಷ್ಯಾ ಬಿಟ್ಟರು. ಯುರೋಪಿನಲ್ಲಿ ದಿಯಾಗಿಲೆವ್ ಅನ್ನುವ ರಷ್ಯನ್ ವ್ಯವಸ್ಥಾಪಕರ ಬ್ಯಾಲೆ ತಂಡದಲ್ಲಿ 1929ರವರೆಗೆ ಕೆಲಸ ಮಾಡಿದರು. 1933ರಲ್ಲಿ ಲಿಂಕನ್ ಕರ್ಸ್ಟೀನ್ ಅನ್ನುವ ಅಮೆರಿಕದ ತರುಣ ಇವರನ್ನು ಲಂಡನ್‌ನಲ್ಲಿ ಭೇಟಿಯಾಗಿ, ಅಮೆರಿಕದಲ್ಲೊಂದು ಬ್ಯಾಲೆ ಕಂಪನಿ ಕಟ್ಟೋಣ ಬನ್ನಿ ಅಂದರು. ಕಂಪನಿ ಆಮೇಲೆ, ಮೊದಲು ಶಾಲೆ ಅನ್ನುವುದು ಬ್ಯಾಲಂಚೀನ್ ಹಟ. ಶಾಲೆಯನ್ನು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ತೆರೆಯುವ ಯೋಚನೆ ಇತ್ತು. ಅದು ಕೂಡಿಬರಲಿಲ್ಲ. ಕೊನೆಗೆ 1934ರ ಜನವರಿ 2ರಂದು ನ್ಯೂಯಾರ್ಕ್‌ನಲ್ಲಿ ‘ಸ್ಕೂಲ್ ಆಫ್ ಅಮೆರಿಕನ್ ಬ್ಯಾಲೆ’ ಬಾಗಿಲು ತೆರೆಯಿತು. ಒಂದಷ್ಟು ವಿದ್ಯಾರ್ಥಿಗಳು ಫಿಲಡೆಲ್ಫಿಯಾದ ಲಿಟಲ್‌ಫೀಲ್ಡ್ ಕುಟುಂಬದ ಶಾಲೆಯಲ್ಲಿ ಕಲಿತು ಬಂದಿದ್ದರು. ಹಾಗಾಗಿ ಒಂದೇ ಕ್ಲಾಸಿನಲ್ಲಿ ಪಳಗಿದವರೂ ಹೊಸಬರೂ ಅಕ್ಕಪಕ್ಕ ನಿಂತಿದ್ದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ವಿದ್ಯಾರ್ಥಿಗಳಿಗೆ ಹೆಜ್ಜೆ ಗೊತ್ತಿತ್ತು, ಆದರೆ ವೇದಿಕೆ ಗೊತ್ತಿರಲಿಲ್ಲ. ಕ್ಲಾಸಿನಲ್ಲಿ ಚೆನ್ನಾಗಿ ಮಾಡುವುದೇ ಒಂದು, ಜನರ ಮುಂದೆ ಹತ್ತಾರು ಜನರ ಜೊತೆ ಸೇರಿ ಮಾಡುವುದೇ ಇನ್ನೊಂದು. ಬ್ಯಾಲಂಚೀನ್ ಈ ನೃತ್ಯವನ್ನು ಶುರು ಮಾಡಿದ್ದೇ ಅದನ್ನು ಕಲಿಸುವ ಸಂಜೆ ಪಾಠವಾಗಿ. ದೊಡ್ಡ ಕೃತಿ ಬರೆಯುತ್ತೇನೆ ಅಂತ ಅವರು ಕೂತಿರಲಿಲ್ಲ.

17, 9, 6

17 ಅಂದರೆ ಸಾಲು ನಿಲ್ಲಿಸುವವರಿಗೆ ತಲೆನೋವು. ಎರಡು ಸಾಲು ಮಾಡಿದರೆ ಒಬ್ಬಳು ಉಳಿಯುತ್ತಾಳೆ. ನಾಲ್ಕು ಮಾಡಿದರೂ ಒಬ್ಬಳು ಉಳಿಯುತ್ತಾಳೆ. ಮೂರು ಮಾಡಿದರೆ ಇಬ್ಬರು. ಸಾಮಾನ್ಯವಾಗಿ ಏನು ಮಾಡುತ್ತಾರೆ ಅಂತ ನಮಗೆಲ್ಲ ಗೊತ್ತು. ಎತ್ತರ ನೋಡಿ ಸಾಲು ಮಾಡುತ್ತಾರೆ, ಚೆನ್ನಾಗಿ ಮಾಡುವವರನ್ನು ಮುಂದೆ ಹಾಕುತ್ತಾರೆ, ಉಳಿದವಳನ್ನು ಮೂಲೆಗೆ ಕಳಿಸುತ್ತಾರೆ. ಅವಳ ಅಪ್ಪ ಅಮ್ಮ ಕುರ್ಚಿಯಿಂದ ಎದ್ದು, ಕತ್ತು ಉದ್ದ ಮಾಡಿ, ಮುಂದಿನವರ ತಲೆಗಳ ನಡುವೆ ಮಗಳನ್ನು ಹುಡುಕುತ್ತಾರೆ.

ಬ್ಯಾಲಂಚೀನ್ ಮಾಡಿದ್ದು ಬೇರೆ. ನಮ್ಮ ಮನೆ ಮುಂದಿನ ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ. ಒಂದು ಚುಕ್ಕಿ, ಪಕ್ಕದಲ್ಲಿ ಎರಡು, ಅದರ ಪಕ್ಕ ಮೂರು, ಮತ್ತೆ ಎರಡು, ಮತ್ತೆ ಒಂದು. ಡೈಮಂಡ್ ಆಕಾರ ಬಂತು. ಆ ಕೊನೆಯ ಒಂದು ಚುಕ್ಕಿಯಿಂದಲೇ ಇನ್ನೊಂದು ಡೈಮಂಡ್ ಶುರು ಮಾಡಿ. ಎರಡು, ಮೂರು, ಎರಡು, ಒಂದು. ಈಗ ಎಲ್ಲ ಕೂಡಿ ನೋಡಿ. 1, 2, 3, 2, 1, 2, 3, 2, 1. ಸರಿಯಾಗಿ 17! ವೇದಿಕೆಯ ಎಡದಿಂದ ಬಲಕ್ಕೆ ಹುಡುಗಿಯರು ನಿಂತದ್ದು ಹೀಗೆ. ರಂಗೋಲಿಯಲ್ಲಿ ಸಂದುಚುಕ್ಕಿ ಇಡುತ್ತೇವಲ್ಲ, ಹಾಗೆ ಇದರಲ್ಲೂ ಪ್ರತಿಯೊಬ್ಬಳು ಮುಂದಿನ ಇಬ್ಬರ ನಡುವಿನ ಸಂದಿಯಲ್ಲಿ ಕಾಣುತ್ತಾಳೆ. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟದ ಓರೆ ಸಾಲುಗಳಂತೆ ಅಂತ ಬ್ಯಾಲಂಚೀನ್ ಇದನ್ನು ಹೋಲಿಸುತ್ತಿದ್ದರು. ನನ್ನ ಕಣ್ಣಿಗೆ ರಂಗೋಲಿಯೇ ಮೊದಲು ಬರುತ್ತದೆ. ಯಾವುದಾದರೂ ಒಂದು ಚುಕ್ಕಿ ಅಳಿಸಿ ನೋಡಿ, ಇಡೀ ಚಿತ್ರ ಕೆಡುತ್ತದೆ. ಹಿಂದಿನ ಸಾಲಿನವಳು ಲೆಕ್ಕಕ್ಕಿಲ್ಲ ಅನ್ನುವ ಮಾತೇ ಅಲ್ಲಿ ಬರುವುದಿಲ್ಲ.

ಮುಂದಿನ ಸಲ ಬಂದವರು 9 ಜನ. ಅದರ ಮುಂದಿನ ಸಲ 6. ಯಾರು ಬಂದರೋ ಅವರನ್ನಿಟ್ಟುಕೊಂಡೇ ಅವತ್ತಿನ ಭಾಗ ಮಾಡಿದರು. ‘ಎಲ್ಲರೂ ಬರಲಿ, ಆಮೇಲೆ ನೋಡೋಣ’ ಅಂತ ಕಾಯಲಿಲ್ಲ. ನಿಧಾನವಾಗಿ ಹುಡುಗರೂ ಕ್ಲಾಸಿಗೆ ಬರತೊಡಗಿದರು. ಅವರನ್ನೂ ಸೇರಿಸಿಕೊಂಡರು. ಸೆರೆನೇಡ್ ನೋಡುವಾಗ ಗುಂಪು ಹಿಗ್ಗುವುದು, ಕುಗ್ಗುವುದು, ಮತ್ತೆ ಹಿಗ್ಗುವುದು ಉಸಿರಾಟದ ಹಾಗೆ ಕಾಣುತ್ತದೆ. ಆ ಉಸಿರು ಹಾಜರಿ ಪುಸ್ತಕದಿಂದ ಬಂದದ್ದು.

ಸಂಗೀತ ರಷ್ಯಾದ ಸಂಗೀತಕಾರ ಚೈಕೋವ್ಸ್ಕಿಯವರದು. 1880ರಲ್ಲಿ ತಂತಿವಾದ್ಯಗಳಿಗಾಗಿ ಬರೆದ ಸೆರೆನೇಡ್, ಸಿ ಮೇಜರ್. ಒಟ್ಟು ನಾಲ್ಕು ಭಾಗ. ಬ್ಯಾಲಂಚೀನ್ 1934ರಲ್ಲಿ ಅದರಲ್ಲಿ ಮೂರನ್ನೇ ತೆಗೆದುಕೊಂಡರು.

ಮೊದಲ ನಿಮಿಷ

ಇದನ್ನು ಹತ್ತಿರದಿಂದ ನೋಡಲೇಬೇಕು. ಏಕೆಂದರೆ ಇಡೀ ಪ್ರಕರಣದ ಗುಟ್ಟು ಇಲ್ಲೇ ಇದೆ.

ಪರದೆ ಏಳುತ್ತದೆ. ಸಂಗೀತ ತುಂಬಿದ ದನಿಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುತ್ತಿರುತ್ತದೆ. 17 ಜನ ಅಲುಗಾಡದೆ ನಿಂತಿರುತ್ತಾರೆ. ಎಲ್ಲರ ಬಲಗೈ ಮುಂದೆ ಮೇಲಕ್ಕೆ ಚಾಚಿದೆ, ಅಂಗೈ ಹೊರಕ್ಕೆ. ಕಣ್ಣಿಗೆ ಬೀಳುವ ಬೆಳಕನ್ನು ಅಡ್ಡ ಹಿಡಿದ ಹಾಗೆ. ಪಾದಗಳು ಪಕ್ಕಪಕ್ಕ, ನೇರ, ನಾವು ಬಸ್‌ಸ್ಟಾಪಿನಲ್ಲಿ ನಿಂತಿರುತ್ತೇವಲ್ಲ ಹಾಗೆ. ಬ್ಯಾಲೆಯ ನಿಲುವೇ ಅಲ್ಲ ಅದು. ಆಮೇಲೆ ಮಣಿಕಟ್ಟು ಮೆಲ್ಲಗೆ ಸಡಿಲವಾಗುತ್ತದೆ. ಕೈ ಹಣೆಯ ಕಡೆಗೆ ಬಾಗುತ್ತದೆ, ಮುಖ ಪಕ್ಕಕ್ಕೆ ತಿರುಗುತ್ತದೆ. ಕೈ ಎದೆಗೆ ಬರುತ್ತದೆ, ಕೆಳಗಿಳಿಯುತ್ತದೆ, ಎರಡೂ ಕೈ ಸೇರಿ ದುಂಡಗಾಗುತ್ತವೆ. ಆಗ, ಎಲ್ಲರೂ ಒಟ್ಟಿಗೆ, ಹಿಮ್ಮಡಿ ಕೂಡಿಸಿ ಪಾದದ ತುದಿಗಳನ್ನು ಹೊರಕ್ಕೆ ತೆರೆಯುತ್ತಾರೆ.

ಬ್ಯಾಲೆಯಲ್ಲಿ ಇದಕ್ಕೆ ಫಸ್ಟ್ ಪೊಸಿಷನ್ ಅನ್ನುತ್ತಾರೆ. ಭರತನಾಟ್ಯದ ಮಕ್ಕಳಿಗೆ ಅರಮಂಡಿ ಹೇಗೋ, ಬ್ಯಾಲೆ ಮಕ್ಕಳಿಗೆ ಇದು ಹಾಗೆ. ಮೊದಲ ದಿನ, ಮೊದಲ ಪಾಠ. ಆಮೇಲೆ ಕಾಲು ಪಕ್ಕಕ್ಕೆ ಚಾಚಿ ಮುಚ್ಚುತ್ತದೆ, ತೋಳು ತೆರೆಯುತ್ತದೆ, ಎದೆ ಮತ್ತು ಮುಖ ಮೇಲಕ್ಕೆ ಏಳುತ್ತವೆ. ಅಷ್ಟೇ. ಇದರಲ್ಲಿ ಯಾವ ಹುಡುಗಿಗೂ ಬಾರದ ಹೆಜ್ಜೆ ಒಂದೂ ಇಲ್ಲ. ಎಲ್ಲರೂ ಇದನ್ನು ದಿನವೂ ಮಾಡುವವರೇ. ಆದರೆ 17 ಜನರ ಪಾದ ಒಂದೇ ಕ್ಷಣಕ್ಕೆ ತೆರೆದಾಗ, ಯಾರೋ ದೊಡ್ಡ ಬಾಗಿಲು ತೆರೆದ ಹಾಗಾಗುತ್ತದೆ. ಇಲ್ಲಿಯವರೆಗೆ ಅವರು ಸುಮ್ನೆ ನಿಂತ ಹುಡುಗಿಯರು. ಇಲ್ಲಿಂದ ಅವರು ನರ್ತಕಿಯರು.

ವಿದ್ಯಾರ್ಥಿ ಪ್ರದರ್ಶನದಲ್ಲಿ ನಾವು ಹೆಚ್ಚಾಗಿ ಇದಕ್ಕೆ ಉಲ್ಟಾ ಮಾಡುತ್ತೇವೆ. ಮಗುವಿಗೆ ಅರ್ಧಂಬರ್ಧ ಬರುವ ಕಷ್ಟದ ಹೆಜ್ಜೆಯನ್ನು ವೇದಿಕೆಗೆ ತಂದು, ಅದು ತಪ್ಪದಿರಲಿ ಅಂತ ಉಸಿರು ಬಿಗಿಹಿಡಿದು ಕೂರುತ್ತೇವೆ. ಬ್ಯಾಲಂಚೀನ್ ಮಕ್ಕಳಿಗೆ ಪೂರ್ತಿ ಬರುವುದನ್ನೇ ತೆಗೆದುಕೊಂಡು ಅದನ್ನು ಎಲ್ಲರೂ ನೋಡುವ ಜಾಗದಲ್ಲಿ, ಎಲ್ಲರೂ ಕೇಳುವ ಸಂಗೀತದ ಮೇಲೆ ಇಟ್ಟರು. ವಿದ್ಯಾರ್ಥಿಗಳ ಕೊರತೆ ಕಾಣದ ಹಾಗೆ ಮಾಡುವುದೂ ತನ್ನ ಉದ್ದೇಶವಾಗಿತ್ತು ಅಂತ ಅವರೇ ಮುಂದೆ ಹೇಳಿಕೊಂಡರು. ಹಾಗಂತ ಇದೆಲ್ಲ ಸುಲಭದ ನೃತ್ಯ ಅಂದುಕೊಳ್ಳಬೇಡಿ. ಮುಂದೆ ಓಟ, ತಿರುಗು, ಜಿಗಿತ ಎಲ್ಲ ಬರುತ್ತವೆ, ಅದೂ ಜಾಸ್ತಿ ವೇಗದಲ್ಲಿ. ಮೊದಲ ನಿಮಿಷ ಮಾತ್ರ ಎಲ್ಲರದು.

ತಡವಾಗಿ ಬಂದವಳು, ಬಿದ್ದವಳು

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ವಾರ್ಷಿಕೋತ್ಸವ. ನಮ್ಮ ಗುಂಪಿನ ಒಬ್ಬಳಿಗೆ ಜ್ವರ ಬಂದು ನಾಲ್ಕು ದಿನ ಪ್ರಾಕ್ಟೀಸಿಗೆ ಬರಲಾಗಲಿಲ್ಲ. ಐದನೇ ದಿನ ಬಂದಾಗ ಅವಳ ಜಾಗದಲ್ಲಿ ಬೇರೆ ಹುಡುಗಿ ನಿಂತಿದ್ದಳು. ‘ನೀನು ಕೂತ್ಕೊಂಡು ನೋಡು’ ಅಂದರು. ಅವಳ ಲಂಗ ಹೊಲಿಸಿ ಆಗಿತ್ತು, ನೀಲಿ ಬಣ್ಣದ್ದು, ಅಂಚಿಗೆ ಜರಿ. ಕಾರ್ಯಕ್ರಮದ ದಿನ ಅವಳು ಅದನ್ನೇ ಉಟ್ಟುಕೊಂಡು ಬಂದು ಕೆಳಗೆ ಕೂತಿದ್ದಳು. ನಾನು ವೇದಿಕೆಯ ಮೇಲಿನಿಂದ ಆ ನೀಲಿಯನ್ನು ನೋಡಿದ್ದೆ. ಅದಕ್ಕೇ ಇರಬೇಕು, ಸೆರೆನೇಡ್‌ನ ಈ ಭಾಗ ಬಂದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಒಂದು ದಿನ ಅಭ್ಯಾಸ ನಡೆಯುತ್ತಿದ್ದಾಗ ಒಬ್ಬ ಹುಡುಗಿ ತಡವಾಗಿ ಬಂದಳು. ಬ್ಯಾಲಂಚೀನ್ ಅದನ್ನು ನೃತ್ಯಕ್ಕೆ ಸೇರಿಸಿದರು. ಮೊದಲ ಭಾಗದ ಕೊನೆಯಲ್ಲಿ ಚೈಕೋವ್ಸ್ಕಿಯ ಆ ಆರಂಭದ ಸಂಗೀತ ಮರಳಿ ಬರುತ್ತದೆ. ಗುಂಪು ಓಡಿ ಓಡಿ ಮತ್ತೆ ತಮ್ಮ ತಮ್ಮ ಚುಕ್ಕಿಗೆ ಬಂದು ನಿಲ್ಲುತ್ತದೆ. ಮತ್ತೆ ಅದೇ ಎತ್ತಿದ ಬಲಗೈ. ಎಲ್ಲ ಸ್ತಬ್ಧ. ಆಗ ಒಬ್ಬಳು ಬರುತ್ತಾಳೆ. ನಿಂತವರ ನಡುವೆ ಆಚೀಚೆ ನಡೆಯುತ್ತಾ ತನ್ನ ಜಾಗ ಹುಡುಕುತ್ತಾಳೆ. ಯಾರೂ ಅವಳತ್ತ ತಿರುಗುವುದಿಲ್ಲ, ಯಾರೂ ಗದರುವುದಿಲ್ಲ. ಜಾಗ ಸಿಗುತ್ತದೆ. ನಿಂತು, ಅವಳೂ ಬಲಗೈ ಎತ್ತುತ್ತಾಳೆ. ಅವಳ ಜಾಗ ಅವಳಿಗಾಗಿಯೇ ಖಾಲಿ ಇತ್ತು! ಅವಳು ಬಂದು ನಿಂತ ಮೇಲೆಯೇ ಕತೆ ಮುಂದೆ ಹೋಗುತ್ತದೆ. ಉಳಿದವರು ಒಬ್ಬೊಬ್ಬರಾಗಿ ಹೊರಗೆ ನಡೆಯುತ್ತಾರೆ, ಹಿಂದಿನಿಂದ ಒಬ್ಬ ಗಂಡಸು ನಿಧಾನವಾಗಿ ಅವಳ ಕಡೆಗೆ ಬರುತ್ತಾನೆ, ‘ವಾಲ್ಟ್ಸ್’ ಅನ್ನುವ ಎರಡನೇ ಭಾಗ ಶುರುವಾಗುತ್ತದೆ.

ಇನ್ನೊಂದು ದಿನ ಎಲ್ಲರೂ ಒಟ್ಟಿಗೆ ಹೊರಗೆ ಓಡುವಾಗ ಒಬ್ಬಳು ಜಾರಿ ಬಿದ್ದು ಅಳತೊಡಗಿದಳು. ಅದನ್ನೂ ಉಳಿಸಿಕೊಂಡರು. ಈಗ ‘ಎಲಿಜಿ’ ಅನ್ನುವ ಶೋಕದ ಭಾಗ ಶುರುವಾಗುವುದೇ ನೆಲಕ್ಕೆ ಬಿದ್ದ ಒಬ್ಬ ಹೆಂಗಸಿನಿಂದ. ಎಲ್ಲರೂ ಹೋಗಿಯಾಗಿದೆ, ಅವಳೊಬ್ಬಳೇ ನೆಲದ ಮೇಲೆ. ಆಗ ಒಬ್ಬ ಗಂಡಸು ಅವಳತ್ತ ನಡೆದು ಬರುತ್ತಾನೆ. ಅವನ ಬೆನ್ನಿಗೆ ಅಂಟಿಕೊಂಡು ಇನ್ನೊಬ್ಬ ಹೆಂಗಸು, ತನ್ನ ಕೈಯಿಂದ ಅವನ ಕಣ್ಣು ಮುಚ್ಚಿ ನಡೆಸುತ್ತಾ ಬರುತ್ತಾಳೆ. ಕೊನೆಗೆ ಬಿದ್ದವಳನ್ನು ಗಂಡಸರು ನಿಂತ ಭಂಗಿಯಲ್ಲೇ ಎತ್ತರಕ್ಕೆ ಎತ್ತಿ ಬೆಳಕಿನ ಕಡೆಗೆ ಹೊತ್ತೊಯ್ಯುತ್ತಾರೆ, ಅವಳು ಬೆನ್ನು ಹಿಂದಕ್ಕೆ ಬಾಗಿಸಿ ಕೈ ಬಿಚ್ಚುತ್ತಾಳೆ. ಇದರಲ್ಲಿ ಸಾವಿದೆ, ವಿರಹವಿದೆ, ವಿಧಿಯಿದೆ ಅಂತ ನೋಡಿದವರು ಏನೇನೋ ಹೇಳಿದ್ದಾರೆ. ಬ್ಯಾಲಂಚೀನ್ ಮಾತ್ರ ಅಡಗಿದ ಕತೆ ಏನೂ ಇಲ್ಲ, ಸಂಗೀತಕ್ಕೆ ಕುಣಿಯುವವರು ಇದ್ದಾರೆ ಅಷ್ಟೇ ಅನ್ನುತ್ತಿದ್ದರು.

ಈ ಎರಡು ಘಟನೆಗಳಲ್ಲಿ ನನಗೆ ಕಾಣುವುದು ಬರೀ ಕರುಣೆ ಅಲ್ಲ. ಮಗು ಅತ್ತಿತು, ಪಾಪ, ಸೇರಿಸಿಕೊಳ್ಳೋಣ ಅಂತ ಮಾಡಿದ್ದಾಗಿದ್ದರೆ ಅದು ತೇಪೆಯ ಹಾಗೆ ಕಾಣುತ್ತಿತ್ತು. ತಡವಾಗಿ ಬಂದವಳನ್ನು ಅವರು ಸರಿಯಾಗಿ ಆ ಸಂಗೀತ ಮರಳುವ ಕಡೆಗೇ ಇಟ್ಟರು. ಬಿದ್ದವಳನ್ನು ಶೋಕದ ಭಾಗದ ಬಾಗಿಲಿಗೇ ಇಟ್ಟರು. ಎಲ್ಲಿ ಇಟ್ಟರೆ ಅದು ಅರ್ಥ ಕೊಡುತ್ತದೆ ಅಂತ ಗೊತ್ತಿರುವುದೇ ಮೇಷ್ಟ್ರ ಕಸುಬು.

ಮಳೆ

ಪ್ರದರ್ಶನಕ್ಕೆ ಜಾಗ ಸಿಕ್ಕಿದ್ದು ನ್ಯೂಯಾರ್ಕ್ ನಗರದ ಉತ್ತರಕ್ಕೆ, ವೈಟ್ ಪ್ಲೇನ್ಸ್ ಹತ್ತಿರದ ವುಡ್‌ಲ್ಯಾಂಡ್ಸ್ ಅನ್ನುವ ತೋಟದ ಮನೆಯಲ್ಲಿ. ಅದು ಬ್ಯಾಂಕರ್ ಫೆಲಿಕ್ಸ್ ವಾರ್ಬರ್ಗ್ ಅವರದು. ಅವರ ಮಗ ಎಡ್ವರ್ಡ್ ಶಾಲೆಗೆ ಹಣ ಹಾಕಿದವರಲ್ಲಿ ಒಬ್ಬರು, ಕರ್ಸ್ಟೀನ್ ಗೆಳೆಯ. ಎಡ್ವರ್ಡ್‌ಗೆ 26 ತುಂಬಿದ ನೆಪದಲ್ಲಿ ಅತಿಥಿಗಳನ್ನು ಕರೆದಿದ್ದರು. ಬಯಲಿನಲ್ಲೇ ವೇದಿಕೆ.

ಗೊತ್ತು ಮಾಡಿದ್ದು ಜೂನ್ 9, ಶನಿವಾರ. ಮಳೆ ಸುರಿಯಿತು. ಕಾರ್ಯಕ್ರಮ ಪೂರ್ತಿ ಆಗಲಿಲ್ಲ. ಮೂರು ತಿಂಗಳು ಕಾದ ವಿದ್ಯಾರ್ಥಿಗಳು ಆ ರಾತ್ರಿ ಹೇಗೆ ಮಲಗಿದರೋ! ಮರುದಿನ, ಜೂನ್ 10ರ ಭಾನುವಾರ, ಸೆರೆನೇಡ್ ಮೊದಲ ಸಲ ಜನರ ಮುಂದೆ ಬಂತು. ಇವತ್ತು ಎಲ್ಲರ ಕಣ್ಣಲ್ಲಿರುವ ಆ ಉದ್ದನೆಯ ತೆಳು ನೀಲಿ ಉಡುಪು ಆಗ ಇರಲಿಲ್ಲ. ಅದನ್ನು ಉಡುಪು ವಿನ್ಯಾಸಕಿ ಕರಿನ್ಸ್ಕಾ ಮಾಡಿದ್ದು 1952ರಲ್ಲಿ. ಮೊದಲ ದಿನ ಹುಡುಗಿಯರು ತೊಟ್ಟಿದ್ದು ಅಭ್ಯಾಸದ ಬಟ್ಟೆಯಂಥ ಸರಳ ಉಡುಪು.

ಈ ಕಾರ್ಯಕ್ರಮದಲ್ಲಿ ಇನ್ನೂ ಎರಡು ನೃತ್ಯಗಳಿದ್ದವು, ‘ಮೊತ್ಸಾರ್ಟಿಯಾನಾ’ ಮತ್ತು ‘ಡ್ರೀಮ್ಸ್’. ಎರಡರ ಮೂಲವೂ ಬ್ಯಾಲಂಚೀನ್ 1933ರಲ್ಲಿ ಪ್ಯಾರಿಸ್‌ನಲ್ಲಿ ಪಳಗಿದ ಕಲಾವಿದರಿಗಾಗಿ ಮಾಡಿದ್ದು. ಅವನ್ನೇ ವಿದ್ಯಾರ್ಥಿಗಳಿಗೆ ಕಲಿಸಿದ್ದರು. ಈ ವಿದ್ಯಾರ್ಥಿಗಳನ್ನೇ ಮುಂದೆ ನಿಲ್ಲಿಸಿಕೊಂಡು, ಇವರ ಅಳತೆಗೇ ಹೊಲಿದದ್ದು ಸೆರೆನೇಡ್ ಒಂದೇ. ಡ್ರೀಮ್ಸ್ ಉಳಿಯಲಿಲ್ಲ. ಮೊತ್ಸಾರ್ಟಿಯಾನಾವನ್ನು ಬ್ಯಾಲಂಚೀನ್ 1981ರಲ್ಲಿ ಪೂರ್ತಿ ಹೊಸದಾಗಿ ಕಟ್ಟಿದರು. ಆ ಹುಲ್ಲುಹಾಸಿನಿಂದ ಹೊರಟು ಬೆಳೆಯುತ್ತಾ ಬಂದು ಇವತ್ತಿಗೂ ಉಳಿದದ್ದು ವಿದ್ಯಾರ್ಥಿಗಳ ಅಳತೆಯ ಬಟ್ಟೆಯೇ. ನನಗೆ ಈ ಪ್ರಕರಣದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆಮೇಲೆ

ಎಲ್ಲವೂ ಹೂವಿನ ಹಾದಿ ಆಗಿರಲಿಲ್ಲ. ಡಿಸೆಂಬರ್‌ನಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಆಡಿದರು. 1935ರ ಮಾರ್ಚ್ 1ರಂದು ನ್ಯೂಯಾರ್ಕ್‌ನ ಅಡೆಲ್ಫಿ ಥಿಯೇಟರಿನಲ್ಲಿ ‘ಅಮೆರಿಕನ್ ಬ್ಯಾಲೆ’ ಅನ್ನುವ ಹೊಸ ಕಂಪನಿಯಾಗಿ ಇದನ್ನು ಆಡಿದರು. ನ್ಯೂಯಾರ್ಕ್ ಟೈಮ್ಸ್‌ನ ನೃತ್ಯ ವಿಮರ್ಶಕ ಜಾನ್ ಮಾರ್ಟಿನ್ ಅಷ್ಟೇನೂ ಮೆಚ್ಚಲಿಲ್ಲ. ಬ್ಯಾಲಂಚೀನ್ ಇದನ್ನು ವರ್ಷಗಟ್ಟಲೆ ತಿದ್ದುತ್ತಲೇ ಹೋದರು. 1934ರಲ್ಲಿ ಬಿಟ್ಟಿದ್ದ ನಾಲ್ಕನೇ ಭಾಗವನ್ನು, ಅಂದರೆ ರಷ್ಯನ್ ಕುಣಿತವನ್ನು, 1940ರಲ್ಲಿ ಸೇರಿಸಿದರು. ಅದನ್ನೂ ಎಲಿಜಿಗಿಂತ ಮೊದಲು ಇಟ್ಟರು. ಚೈಕೋವ್ಸ್ಕಿ ಬರೆದ ಕ್ರಮದಲ್ಲಿ ಅದು ಕೊನೆಗೆ ಬರುತ್ತದೆ. ಸಂಭ್ರಮದಲ್ಲಿ ಮುಗಿಯುವ ಸಂಗೀತವನ್ನು ಶೋಕದಲ್ಲಿ ಮುಗಿಯುವ ಹಾಗೆ ತಿರುಗಿಸಿದರು. 1948ರಲ್ಲಿ ಬ್ಯಾಲಂಚೀನ್ ಮತ್ತು ಕರ್ಸ್ಟೀನ್ ಕಟ್ಟಿದ ಕಂಪನಿ ನ್ಯೂಯಾರ್ಕ್ ಸಿಟಿ ಬ್ಯಾಲೆ ಇದನ್ನು ತನ್ನದಾಗಿ ಮಾಡಿಕೊಂಡಿತು.

ಒಂದು ಬದಲಾವಣೆ ಮಾತ್ರ ನನಗೆ ಸ್ವಲ್ಪ ಕಸಿವಿಸಿ. 1934ರಲ್ಲಿ ಒಂಟಿಯಾಗಿ ಕುಣಿಯುವ ತುಣುಕುಗಳನ್ನು ಹಲವು ಹುಡುಗಿಯರಿಗೆ ಹಂಚಿದ್ದರು. ಕಂಪನಿಗಳ ಕೈಗೆ ಹೋದಂತೆ ಅವು ಕೆಲವೇ ಮುಖ್ಯ ನರ್ತಕಿಯರ ಪಾಲಾದವು. ಈಗ ವಾಲ್ಟ್ಸ್ ಗರ್ಲ್, ರಷ್ಯನ್ ಗರ್ಲ್, ಡಾರ್ಕ್ ಏಂಜಲ್ ಅಂತ ಮೂರು ದೊಡ್ಡ ಪಾತ್ರ. ಕಂಪನಿಗೆ ಅದು ಸರಿಯೇ. ಶಾಲೆಗೆ ಮೊದಲಿನ ಹಂಚಿಕೆಯೇ ಚೆಂದ ಅಂತ ನನ್ನ ಅನಿಸಿಕೆ.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಇವರು ಐದಾರು ವರ್ಷದ ಪುಟಾಣಿಗಳಲ್ಲ, ಬೆಳೆದ ವಿದ್ಯಾರ್ಥಿಗಳು. ಬೆನ್ನಿಗೆ ಶ್ರೀಮಂತರ ದುಡ್ಡಿತ್ತು. ಮೇಷ್ಟ್ರು ಎಲ್ಲರ ಪಾಲಿಗೂ ಬ್ಯಾಲಂಚೀನ್ ಆಗುವುದಿಲ್ಲ. ಆದರೂ ಅವರು ಆ ಸಂಜೆ ಮಾಡಿದ ಮೊದಲ ಕೆಲಸಕ್ಕೆ ದುಡ್ಡು ಬೇಕಿರಲಿಲ್ಲ. ಕೋಣೆಯಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸಿದರು, ಅಷ್ಟೂ ಜನ ಕಾಣುವ ಹಾಗೆ ನಿಲ್ಲಿಸಿದರು. ಓಣಿಯ ಯಾವ ನೃತ್ಯ ಶಾಲೆಯಲ್ಲೂ, ಶಾಮಿಯಾನದ ಕೆಳಗಿನ ಯಾವ ಮರದ ವೇದಿಕೆಯ ಮೇಲೂ ಇದನ್ನು ಮಾಡಬಹುದು ಅಲ್ವಾ?

ಸ್ಕೂಲ್ ಆಫ್ ಅಮೆರಿಕನ್ ಬ್ಯಾಲೆ ಇವತ್ತಿಗೂ ಇದೆ. 1965ರಲ್ಲಿ ನರ್ತಕಿ ಅಲೆಕ್ಸಾಂಡ್ರಾ ದನೀಲೊವಾ ಅಲ್ಲಿ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ಪ್ರದರ್ಶನ ಶುರು ಮಾಡಿದರು. ಅವರೂ ಬ್ಯಾಲಂಚೀನ್ ಜೊತೆ ರಷ್ಯಾ ಬಿಟ್ಟು ಬಂದವರೇ. ಅದಕ್ಕೆ ಅಲ್ಲಿ ‘ವರ್ಕ್‌ಶಾಪ್’ ಅನ್ನುತ್ತಾರೆ. ಆ ವೇದಿಕೆಗೆ ಸೆರೆನೇಡ್ ಮತ್ತೆ ಮತ್ತೆ ಬಂದಿದೆ. ಅದನ್ನು ಕಲಿಯುವ ಹುಡುಗಿಯರಲ್ಲಿ ಒಬ್ಬಳಿಗೆ ತಡವಾಗಿ ಬರುವುದನ್ನು ಕಲಿಸಬೇಕಾಗುತ್ತದೆ. ಉಳಿದವರು ಕೈ ಎತ್ತಿ ನಿಲ್ಲುವವರೆಗೆ ಅವಳು ಪಕ್ಕದ ಪರದೆಯ ಮರೆಯಲ್ಲಿ ಕಾಯುತ್ತಾಳೆ. ಸಂಗೀತ ಎಣಿಸುತ್ತಾಳೆ. ಆಮೇಲೆ ಒಳಗೆ ನಡೆದು, ಒಬ್ಬೊಬ್ಬರನ್ನೇ ದಾಟಿ, ತನಗಾಗಿ ಬಿಟ್ಟ ಜಾಗಕ್ಕೆ ಹೋಗಿ ನಿಲ್ಲುತ್ತಾಳೆ.